ಗಾಳಿಯನ್ನು ತೂಗಿದ, ನೀರನ್ನು ದುಡಿಸಿದ ಪ್ಯಾಸ್ಕಲ್

ಮಕ್ಕಳೇ, ಗ್ಯಾರೇಜಿನ ಮುಂದೆ ಹಾದುಹೋಗುವಾಗ ನೀವು ಈ ದೃಶ್ಯವನ್ನು ನೋಡಿರಬಹುದು. ಒಬ್ಬರು ಕಾರಿನೊಳಗೆ ಕುಳಿತು ಬ್ರೇಕ್ ಪೆಡಲ್ ಒತ್ತುತ್ತಿರುತ್ತಾರೆ. ಇನ್ನೊಬ್ಬರು ಚಕ್ರದ ಬಳಿ ಕುಕ್ಕರುಗಾಲಿನಲ್ಲಿ ಕುಳಿತು ಸ್ಪ್ಯಾನರಿನಿಂದ ಒಂದು ಚಿಕ್ಕ ನಿಪ್ಪಲನ್ನು ಸಡಿಲಿಸುತ್ತಾರೆ. ಅದಕ್ಕೆ ಸಿಕ್ಕಿಸಿದ ಪ್ಲಾಸ್ಟಿಕ್ ನಳಿಕೆಯಿಂದ ಬ್ರೇಕ್ ಆಯಿಲ್ ಗುಳ್ಳೆಗಳ ಸಮೇತ ಬಾಟಲಿಗೆ ಇಳಿಯುತ್ತದೆ. ಇದಕ್ಕೆ ಮೆಕ್ಯಾನಿಕ್‌ಗಳು ಬ್ರೇಕಿನ ಏರ್ ತೆಗೆಯುವುದು ಎನ್ನುತ್ತಾರೆ.

ಕೆಲವು ಸಲ ಎಷ್ಟು ಏರ್ ತೆಗೆದರೂ ಪೆಡಲ್ ಗಟ್ಟಿಯಾಗುವುದಿಲ್ಲ. ಸ್ಪಂಜನ್ನು ತುಳಿದಂತೆ ಮೆತ್ತಗೆ ಒಳಗೆ ಹೋಗುತ್ತದೆ. ಅಂತಹ ಕಾರು ರಸ್ತೆಗೆ ಇಳಿದರೆ ಒಳಗಿರುವವರಿಗೂ ಅಪಾಯ, ರಸ್ತೆ ದಾಟುತ್ತಿರುವ ನಿಮಗೂ ಅಪಾಯ. ಸಣ್ಣ ಗಾಳಿಗುಳ್ಳೆ ಅಷ್ಟು ದೊಡ್ಡ ವಾಹನದ ಬ್ರೇಕನ್ನು ಹೇಗೆ ಕೆಡಿಸುತ್ತದೆ? ಉತ್ತರ ಬೇಕಾದರೆ ಗಾಳಿ ಮತ್ತು ನೀರು ಎರಡನ್ನೂ ಆಳವಾಗಿ ಅಭ್ಯಾಸ ಮಾಡಿದ ಒಬ್ಬ ವಿಜ್ಞಾನಿಯ ಪರಿಚಯವಾಗಬೇಕು. ಆತನೇ ಬ್ಲೇಸ್ ಪ್ಯಾಸ್ಕಲ್.

ಬೀಗ ಹಾಕಿದ ಗಣಿತ

ಪ್ಯಾಸ್ಕಲ್ ಹುಟ್ಟಿದ್ದು 1623ರ ಜೂನ್ 19ರಂದು, ಫ್ರಾನ್ಸ್ ದೇಶದ ಕ್ಲೆರ್ಮೋಂ ಎಂಬ ಊರಿನಲ್ಲಿ. ಆತನಿಗೆ ಮೂರು ವರ್ಷವಾದಾಗ ತಾಯಿ ತೀರಿಕೊಂಡರು. ತಂದೆ ಎಟಿಯೆನ್ ತೆರಿಗೆಗೆ ಸಂಬಂಧಿಸಿದ ನ್ಯಾಯಾಧಿಕಾರಿ. ಗಣಿತವನ್ನೂ ಚೆನ್ನಾಗಿ ಬಲ್ಲವರು. 1631ರಲ್ಲಿ ಅವರು ಮಗ ಬ್ಲೇಸ್, ಹೆಣ್ಣುಮಕ್ಕಳಾದ ಗಿಲ್ಬೆರ್ತ್ ಮತ್ತು ಜಾಕ್ಲಿನ್ ಮೂವರನ್ನೂ ಕರೆದುಕೊಂಡು ಪ್ಯಾರಿಸ್ ನಗರಕ್ಕೆ ಬಂದರು. ಮಗನನ್ನು ಶಾಲೆಗೆ ಕಳಿಸದೆ ತಾವೇ ಮನೆಯಲ್ಲಿ ಪಾಠ ಹೇಳಿದರು.

ಹುಡುಗ ಮೊದಲು ಭಾಷೆಗಳನ್ನು ಕಲಿಯಲಿ, ಗಣಿತ ಆಮೇಲೆ ಎಂಬುದು ತಂದೆಯ ನಿರ್ಧಾರ. ಅದಕ್ಕಾಗಿ ಗಣಿತದ ಪುಸ್ತಕಗಳನ್ನೆಲ್ಲ ಬೀಗ ಹಾಕಿ ಇಟ್ಟರು. ಬೇಡ ಎಂದದ್ದರ ಮೇಲೆ ಮಕ್ಕಳಿಗೆ ಕುತೂಹಲ ಹೆಚ್ಚಲ್ಲವೇ? ಹನ್ನೆರಡು ವರ್ಷದ ಬ್ಲೇಸ್ ಇದ್ದಿಲಿನಿಂದ ನೆಲದ ಮೇಲೆ ವೃತ್ತ, ತ್ರಿಭುಜಗಳನ್ನು ಬರೆದು ತಾನೇ ಲೆಕ್ಕ ಹಾಕುತ್ತಿದ್ದನು. ತ್ರಿಭುಜದ ಮೂರು ಕೋನಗಳ ಮೊತ್ತ ಎರಡು ಲಂಬಕೋನಗಳಿಗೆ ಸಮ ಎಂಬಲ್ಲಿಗೆ ಯಾರ ಸಹಾಯವೂ ಇಲ್ಲದೆ ತಲುಪಿದ್ದನು. ಅದನ್ನು ಕಂಡು ತಂದೆಯ ಕಣ್ಣಲ್ಲಿ ನೀರು ಬಂತಂತೆ. ಯೂಕ್ಲಿಡ್‌ನ ರೇಖಾಗಣಿತದ ಪುಸ್ತಕವನ್ನು ಅವರೇ ಮಗನ ಕೈಗಿತ್ತರು. ಈ ಸಂಗತಿಯನ್ನು ಮುಂದೆ ತಮ್ಮನ ಜೀವನ ಚರಿತ್ರೆಯಲ್ಲಿ ಬರೆದವಳು ಅಕ್ಕ ಗಿಲ್ಬೆರ್ತ್.

ನಂತರ ತಂದೆಗೆ ರೂವಾಂ ನಗರದಲ್ಲಿ ತೆರಿಗೆ ವಸೂಲಿಯ ಕೆಲಸ ಬಂತು. ರಾತ್ರಿಯೆಲ್ಲ ಕುಳಿತು ಲೆಕ್ಕ ಕೂಡಿಸುತ್ತಿದ್ದ ತಂದೆಯ ಕಷ್ಟ ನೋಡಲಾರದೆ ಪ್ಯಾಸ್ಕಲ್ 1642ರಲ್ಲಿ ಹಲ್ಲುಚಕ್ರಗಳ ಲೆಕ್ಕದ ಯಂತ್ರವೊಂದನ್ನು ಮಾಡಲು ತೊಡಗಿದನು. ಆಗ ಆತನಿಗೆ ಹತ್ತೊಂಬತ್ತು ವರ್ಷ. ಒಂದು ಮಾದರಿ ಸರಿಬರದಿದ್ದರೆ ಇನ್ನೊಂದು, ಹೀಗೆ ಸುಮಾರು 50 ಮಾದರಿಗಳನ್ನು ಮಾಡಿ ನೋಡಿದ ಮೇಲೆ 1645ರಲ್ಲಿ ಯಂತ್ರವನ್ನು ಜನರ ಮುಂದಿಟ್ಟನು.

ಬೆಟ್ಟ ಹತ್ತಿದ ಪಾದರಸ

ಆ ಕಾಲದಲ್ಲಿ ಗಾಳಿಗೆ ತೂಕವಿದೆಯೇ ಎಂಬುದೇ ದೊಡ್ಡ ವಿವಾದ. ಇಟಲಿಯ ಟೊರಿಸೆಲ್ಲಿ ಒಂದು ಬದಿ ಮುಚ್ಚಿದ ಗಾಜಿನ ನಳಿಕೆಗೆ ಪಾದರಸ ತುಂಬಿ, ಪಾದರಸದ ಬೋಗುಣಿಯಲ್ಲಿ ಬೋರಲು ನಿಲ್ಲಿಸಿದ್ದನು. ಪಾದರಸ ಸುಮಾರು 76 ಸೆಂಟಿಮೀಟರ್ ಎತ್ತರದಲ್ಲಿ ನಿಂತಿತು. ಮೇಲೆ ಖಾಲಿ ಜಾಗ ಉಳಿಯಿತು. ಪ್ರಕೃತಿ ಖಾಲಿ ಜಾಗವನ್ನು ಸಹಿಸುವುದಿಲ್ಲ ಎಂದು ಪಂಡಿತರು ಬಹುಕಾಲದಿಂದ ನಂಬಿದ್ದರು. ಟೊರಿಸೆಲ್ಲಿಯಾದರೋ ಹೊರಗಿನ ಗಾಳಿಯ ತೂಕವೇ ಪಾದರಸವನ್ನು ಎತ್ತಿ ಹಿಡಿದಿದೆ ಎಂದು ಊಹಿಸಿದನು. ಯಾರ ಮಾತು ನಿಜ?

ಪ್ಯಾಸ್ಕಲ್ ವಾದಕ್ಕೆ ಇಳಿಯಲಿಲ್ಲ, ಪ್ರಯೋಗಕ್ಕೆ ಇಳಿದನು. ಗಾಳಿಯ ತೂಕವೇ ಕಾರಣವಾದರೆ ಬೆಟ್ಟದ ಮೇಲೆ ಗಾಳಿಯ ಹೊರೆ ಕಡಿಮೆಯಾಗಬೇಕು, ಪಾದರಸ ಕೆಳಗಿಳಿಯಬೇಕು. ಕ್ಲೆರ್ಮೋಂ ಹತ್ತಿರ 1,465 ಮೀಟರ್ ಎತ್ತರದ ಪುಯ್ ದ ದೋಮ್ ಎಂಬ ಬೆಟ್ಟವಿತ್ತು. ಆದರೆ ಆತ ಇದ್ದದ್ದು ದೂರದ ಪ್ಯಾರಿಸಿನಲ್ಲಿ, ಆರೋಗ್ಯವೂ ಚೆನ್ನಾಗಿರಲಿಲ್ಲ. ಹೀಗಾಗಿ ಕ್ಲೆರ್ಮೋಂನಲ್ಲಿದ್ದ ಭಾವ, ಗಿಲ್ಬೆರ್ತಳ ಗಂಡ, ಫ್ಲೋರಾಂ ಪೆರಿಯೆಗೆ ಪತ್ರ ಬರೆದನು.

1648ರ ಸೆಪ್ಟೆಂಬರ್ 19ರಂದು ಪೆರಿಯೆ ಊರಿನ ಕೆಲವು ಗಣ್ಯರೊಂದಿಗೆ ಬೆಟ್ಟ ಹತ್ತಿದರು. ಹೊರಡುವ ಮುನ್ನ ಎರಡು ನಳಿಕೆಗಳಲ್ಲಿ ಪಾದರಸ ಒಂದೇ ಎತ್ತರದಲ್ಲಿ ನಿಲ್ಲುವುದನ್ನು ಎಲ್ಲರಿಗೂ ತೋರಿಸಿದರು. ಒಂದನ್ನು ಕೆಳಗೇ ಬಿಟ್ಟು, ದಿನವಿಡೀ ನೋಡುತ್ತಿರುವಂತೆ ಮಠದ ಸನ್ಯಾಸಿಯೊಬ್ಬರಿಗೆ ಹೇಳಿದರು. ಮೇಲೆ, ಸುಮಾರು 1,000 ಮೀಟರ್ ಎತ್ತರಕ್ಕೆ ಹೋಗಿ ನೋಡಿದರೆ ಪಾದರಸ ಸುಮಾರು ಎಂಟೂವರೆ ಸೆಂಟಿಮೀಟರ್ ಇಳಿದಿತ್ತು! ನೆರಳಿನಲ್ಲಿ, ಬಯಲಿನಲ್ಲಿ, ಗಾಳಿಯಲ್ಲಿ, ಮಂಜಿನಲ್ಲಿ ಐದು ಸಲ ಮಾಡಿದರೂ ಅದೇ ಫಲ. ಕೆಳಗಿದ್ದ ನಳಿಕೆ ಮಾತ್ರ ಇಡೀ ದಿನ ಬದಲಾಗಿರಲಿಲ್ಲ.

ಕೆಳಗಿನ ಆ ನಳಿಕೆ ಏಕೆ ಬೇಕಿತ್ತು, ಯೋಚಿಸಿ. ಅದು ಇಲ್ಲದಿದ್ದರೆ ಆ ದಿನದ ಹವೆಯೇ ಬದಲಾಗಿರಬಹುದು ಎಂದು ಯಾರಾದರೂ ಆಕ್ಷೇಪಿಸಬಹುದಿತ್ತು. ಒಂದನ್ನು ಹಾಗೆಯೇ ಇಟ್ಟು ಇನ್ನೊಂದನ್ನು ಮಾತ್ರ ಬದಲಿಸಿ ನೋಡುವುದು ಒಳ್ಳೆಯ ಪ್ರಯೋಗದ ಲಕ್ಷಣ.

ಗಾಳಿಯ ಇನ್ನೊಂದು ಗುಣವನ್ನೂ ಪ್ಯಾಸ್ಕಲ್ ವಿವರಿಸಿದನು. ಉಣ್ಣೆಯ ದೊಡ್ಡ ರಾಶಿಯಲ್ಲಿ ತಳದ ಉಣ್ಣೆ ಮೇಲಿನ ಭಾರಕ್ಕೆ ಅಮುಕಿ ಹೋಗಿರುತ್ತದೆ. ಗಾಳಿಯೂ ಹಾಗೆಯೇ, ಒತ್ತಿದರೆ ಕುಗ್ಗುತ್ತದೆ.

ನೂರು ಜನರ ಬಲ

ಮುಂದೆ ಪ್ಯಾಸ್ಕಲ್ ದ್ರವಗಳ ಕಡೆ ತಿರುಗಿದನು. ನೀರು ತುಂಬಿದ ಮುಚ್ಚಿದ ಪಾತ್ರೆಗೆ ಎರಡು ಬಾಯಿ ಇವೆ ಎನ್ನಿ. ಒಂದು ಚಿಕ್ಕದು, ಇನ್ನೊಂದು ಅದರ ನೂರರಷ್ಟು ದೊಡ್ಡದು. ಎರಡಕ್ಕೂ ಸರಿಯಾಗಿ ಕೂರುವ ಪಿಸ್ಟನ್‌ಗಳಿವೆ. ಚಿಕ್ಕದನ್ನು ಒಬ್ಬ ಮನುಷ್ಯ ಒತ್ತಿದರೆ ದೊಡ್ಡದರ ಮೇಲೆ ನೂರು ಜನರ ಬಲಕ್ಕೆ ಸಮವಾದ ಬಲ ಹುಟ್ಟುತ್ತದೆ ಎಂದು ಆತ ತೋರಿಸಿದನು. ಆವರಿಸಿದ ದ್ರವದ ಒಂದು ಕಡೆ ಹಾಕಿದ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ. ಇದೇ ಪ್ಯಾಸ್ಕಲ್ ನಿಯಮ.

ಆದರೆ ಇದು ಪುಕ್ಕಟೆ ಲಾಭವಲ್ಲ. ದೊಡ್ಡ ಪಿಸ್ಟನ್ ಒಂದು ಸೆಂಟಿಮೀಟರ್ ಸರಿಯಬೇಕಾದರೆ ಚಿಕ್ಕದು ನೂರು ಸೆಂಟಿಮೀಟರ್ ಸರಿಯಬೇಕು. ಬಲ ಹೆಚ್ಚಿದಷ್ಟು ದೂರ ಕಡಿಮೆ. ಈ ಮಾತನ್ನು ನೆನಪಿಡಿ. ಬ್ರೇಕಿನ ತೊಂದರೆಯ ಗುಟ್ಟು ಇಲ್ಲಿದೆ.

ಈ ನಿಯಮದಿಂದ 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ದ್ರವದಿಂದ ನಡೆಯುವ ಒತ್ತುಯಂತ್ರವನ್ನು ಮಾಡಿದನು. 1921ರಲ್ಲಿ ಅಮೆರಿಕದ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕೂ ಚಕ್ರಗಳಿಗೆ ದ್ರವದ ಬ್ರೇಕ್ ಬಂತು.

ಗುಳ್ಳೆ ಮಾಡುವ ಕಿತಾಪತಿ

ಈಗ ಗ್ಯಾರೇಜಿಗೆ ಮರಳೋಣ. ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಬ್ರೇಕ್ ಆಯಿಲನ್ನು ತಳ್ಳುತ್ತದೆ. ಅದರ ಅಡ್ಡಕೊಯ್ತದ ವಿಸ್ತೀರ್ಣ 3 ಚದರ ಸೆಂಟಿಮೀಟರ್, ಅದರ ಮೇಲೆ ಬೀಳುವ ಭಾರ 30 ಕಿಲೋಗ್ರಾಂ ಎಂದುಕೊಳ್ಳಿ. ಆಗ ಪ್ರತಿ ಚದರ ಸೆಂಟಿಮೀಟರಿಗೆ 10 ಕಿಲೋಗ್ರಾಂ ಒತ್ತಡ. ಚಕ್ರದ ಬಳಿಯ ಪಿಸ್ಟನ್ 15 ಚದರ ಸೆಂಟಿಮೀಟರ್ ಇದ್ದರೆ ಅಲ್ಲಿ 150 ಕಿಲೋಗ್ರಾಂ ಭಾರದಷ್ಟು ಬಲ!

ಪೈಪಿನಲ್ಲಿ 5 ಮಿಲಿಲೀಟರ್ ಗಾಳಿ ಸಿಕ್ಕಿಕೊಂಡರೆ? ಈ ಒತ್ತಡಕ್ಕೆ ಆಯಿಲ್ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಗಾಳಿಯಾದರೋ ಉಣ್ಣೆಯಂತೆ ಅಮುಕಿ ಅರ್ಧ ಮಿಲಿಲೀಟರಿಗಿಂತ ಕಡಿಮೆಯಾಗುತ್ತದೆ. ಖಾಲಿಯಾದ ನಾಲ್ಕೂವರೆ ಮಿಲಿಲೀಟರ್ ಜಾಗ ತುಂಬಲು ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಒಂದೂವರೆ ಸೆಂಟಿಮೀಟರ್ ಹೆಚ್ಚು ಸರಿಯಬೇಕು. ಅದು ಸರಿಯಬಲ್ಲ ದೂರವೇ ಕೆಲವು ಸೆಂಟಿಮೀಟರ್. ಚಕ್ರವನ್ನು ಹಿಡಿಯಬೇಕಾದ ಚಲನೆಯನ್ನು ಗುಳ್ಳೆಯೇ ನುಂಗಿಬಿಡುತ್ತದೆ. ದೊಡ್ಡ ಬಸ್ಸು, ಲಾರಿಗಳಲ್ಲಿ ಗಾಳಿಯಿಂದಲೇ ನಡೆಯುವ ಬ್ರೇಕ್ ಇರುತ್ತದಲ್ಲ ಎಂದು ನೀವು ಕೇಳಬಹುದು. ಅಲ್ಲಿ ಎಂಜಿನ್ ನಡೆಸುವ ಕಂಪ್ರೆಸರ್ ಗಾಳಿಯನ್ನು ಮೊದಲೇ ಅಮುಕಿ ತುಂಬಿಟ್ಟಿರುತ್ತದೆ. ಅದರ ಏರ್ಪಾಡೇ ಬೇರೆ.

ಹಾಗಾದರೆ ಕೆಲವೊಮ್ಮೆ ಏರ್ ಏಕೆ ಹೊರಗೆ ಬರುವುದಿಲ್ಲ? ಗಾಳಿ ದ್ರವದಲ್ಲಿ ಮೇಲಕ್ಕೇ ಏರುತ್ತದೆ. ಆದ್ದರಿಂದ ನಿಪ್ಪಲ್ ಎತ್ತರದ ತುದಿಯಲ್ಲಿರಬೇಕು. ಎಡ–ಬಲದ ಬಿಡಿಭಾಗ ಅದಲು ಬದಲಾಗಿ ನಿಪ್ಪಲ್ ಕೆಳಮುಖವಾದರೆ ಎಷ್ಟು ಆಯಿಲ್ ಹರಿದರೂ ಗುಳ್ಳೆ ಮೇಲೆಯೇ ಕುಳಿತಿರುತ್ತದೆ. ನಿಪ್ಪಲ್ ಬಿಗಿಯುವ ಮೊದಲೇ ಪೆಡಲ್ ಬಿಟ್ಟರೆ ಹೊರಗಿನ ಗಾಳಿ ಒಳಗೆ ಹೋಗುತ್ತದೆ. ಕೆಲಸದ ನಡುವೆ ಡಬ್ಬಿಯ ಆಯಿಲ್ ತಳಮುಟ್ಟಿದರೂ ಅಷ್ಟೇ, ಮತ್ತೆ ಮೊದಲಿನಿಂದ ಶುರು. ಪೆಡಲನ್ನು ಬಿರಬಿರನೆ ಒತ್ತಿದರೆ ದೊಡ್ಡ ಗುಳ್ಳೆ ಒಡೆದು ನೊರೆಯಂತಾಗುತ್ತದೆ; ಅದನ್ನು ತೆಗೆಯುವುದು ಇನ್ನೂ ಕಷ್ಟ.

ಎಲ್ಲ ತಪ್ಪಿಗೂ ಗಾಳಿಯೇ ಕಾರಣವಲ್ಲ. ಪೆಡಲ್ ಸ್ಪಂಜಿನಂತಿದ್ದರೆ ಗಾಳಿಯ ಮೇಲೆ ಅನುಮಾನ. ಕಾಲನ್ನು ಒತ್ತಿ ಹಿಡಿದಾಗ ನಿಧಾನವಾಗಿ ಇಳಿಯುತ್ತಾ ಹೋದರೆ ಎಲ್ಲೋ ಸೋರಿಕೆ ಇದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ರಬ್ಬರ್ ಸವೆದಿದೆ. ಹಳೆಯ ಬ್ರೇಕ್ ಆಯಿಲ್ ನೀರಿನ ಅಂಶವನ್ನು ಹೀರಿಕೊಂಡಿರುತ್ತದೆ. ಘಟ್ಟದ ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಆ ನೀರು ಆವಿಯಾಗಿ ಹೊಸ ಗುಳ್ಳೆಗಳು ಹುಟ್ಟುತ್ತವೆ. ಜಾಣ ಮೆಕ್ಯಾನಿಕ್ ಎಲ್ಲವನ್ನೂ ಒಟ್ಟಿಗೆ ಬಿಚ್ಚುವುದಿಲ್ಲ. ಪೆರಿಯೆ ಬೆಟ್ಟದಡಿ ಒಂದು ನಳಿಕೆ ಬಿಟ್ಟು ಹೋದಂತೆ, ಒಂದೊಂದನ್ನೇ ಬದಲಿಸಿ ಪರೀಕ್ಷಿಸುತ್ತಾರೆ. ಪೆಡಲ್ ಗಟ್ಟಿಯಾಗುವವರೆಗೆ ಗಾಡಿಯನ್ನು ಹೊರಗೆ ಬಿಡುವುದಿಲ್ಲ.

ಕೊನೆಯ ದಿನಗಳು

1654ರ ನಂತರ ಪ್ಯಾಸ್ಕಲ್ ಹೆಚ್ಚಾಗಿ ದೇವರ ಧ್ಯಾನದಲ್ಲಿ ತೊಡಗಿದನು. ಆದರೂ ಜನರ ಕಷ್ಟ ಮರೆಯಲಿಲ್ಲ. 1662ರ ಮಾರ್ಚ್ 18ರಂದು ಪ್ಯಾರಿಸಿನಲ್ಲಿ, ಗೊತ್ತಾದ ದಾರಿಯಲ್ಲಿ, ಗೊತ್ತಾದ ದರಕ್ಕೆ ಓಡುವ ಕುದುರೆ ಬಂಡಿಗಳ ಸೇವೆ ಆತನ ಯೋಜನೆಯಂತೆ ಆರಂಭವಾಯಿತು. ಇಂದಿನ ಸಿಟಿ ಬಸ್ಸಿನ ಮುತ್ತಜ್ಜ ಎನ್ನೋಣವೇ? ಅದರಿಂದ ಬರುವ ತನ್ನ ಪಾಲು ಬಡವರಿಗೆ ಸೇರಲಿ ಎಂಬುದು ಆತನ ಆಸೆ. ಅದೇ ವರ್ಷ ಆಗಸ್ಟ್ 19ರಂದು ಆತ ತೀರಿಕೊಂಡನು. ಆಗ ವಯಸ್ಸು 39 ಮಾತ್ರ. ದ್ರವ ಮತ್ತು ಗಾಳಿಯ ಬಗ್ಗೆ ಆತ ಬರೆದಿಟ್ಟಿದ್ದ ಪ್ರಬಂಧಗಳು ಅಚ್ಚಾದದ್ದು ಮರುವರ್ಷ, 1663ರಲ್ಲಿ. 1971ರಲ್ಲಿ ಒತ್ತಡದ ಅಂತರರಾಷ್ಟ್ರೀಯ ಮಾನಕ್ಕೆ ಪ್ಯಾಸ್ಕಲ್ ಎಂದೇ ಹೆಸರಿಡಲಾಯಿತು.

ಮಾಡಿ ನೋಡಿ

ಸೂಜಿಯಿಲ್ಲದ ಎರಡು ಹೊಸ ಸಿರಿಂಜುಗಳನ್ನು, ಒಂದು ಚಿಕ್ಕದು ಒಂದು ದೊಡ್ಡದು, ಶಿಕ್ಷಕರಿಂದ ಪಡೆಯಿರಿ. ತೆಳು ಪ್ಲಾಸ್ಟಿಕ್ ನಳಿಕೆಯಿಂದ ಜೋಡಿಸಿ, ಗುಳ್ಳೆಯಿಲ್ಲದಂತೆ ಬಣ್ಣದ ನೀರು ತುಂಬಿ. ಚಿಕ್ಕದನ್ನು ನೀವು ಒತ್ತಿ, ದೊಡ್ಡದನ್ನು ಗೆಳೆಯ ತಡೆಯಲಿ. ಗೆಲ್ಲುವವರು ಯಾರು? ಈಗ ಸ್ವಲ್ಪ ಗಾಳಿ ಸೇರಿಸಿ ಮತ್ತೆ ಒತ್ತಿ. ನಿಮ್ಮ ಬೆರಳಿಗೆ ಏನು ವ್ಯತ್ಯಾಸ ತಿಳಿಯಿತು? ಕೊನೆಗೆ ನಳಿಕೆ ಬಿಡಿಸಿ, ಸಿರಿಂಜಿನ ಮೂತಿಯನ್ನು ಒಮ್ಮೆ ಕೆಳಗೆ, ಒಮ್ಮೆ ಮೇಲೆ ಹಿಡಿದು ಗಾಳಿಯನ್ನು ಹೊರಹಾಕಲು ಯತ್ನಿಸಿ. ಯಾವಾಗ ಹೊರಬಂತು, ಏಕೆ ಎಂದು ನಿಮ್ಮ ಪುಸ್ತಕದಲ್ಲಿ ಬರೆಯಿರಿ.

ಎಚ್ಚರಿಕೆ: ಪ್ರಯೋಗಕ್ಕೆ ನೀರನ್ನೇ ಬಳಸಿ. ಬ್ರೇಕ್ ಆಯಿಲ್ ವಿಷ, ಮುಟ್ಟಬೇಡಿ. ಮನೆಯ ವಾಹನದ ಪೆಡಲ್ ಮೆತ್ತಗಾಗಿದೆ ಎಂದು ಹಿರಿಯರು ಹೇಳಿದರೆ, ಮೊದಲು ಗ್ಯಾರೇಜಿಗೆ ತೋರಿಸಿ ಎಂದು ನೀವು ಹೇಳಿ. ಏಕೆ ಎಂದು ಕೇಳಿದರೆ ವಿವರಿಸಲು ಈಗ ನಿಮಗೆ ಗೊತ್ತಿದೆ.