ಜೀವಕೋಶದ ಉಸಿರನ್ನು ಅಳೆದ ವಿಜ್ಞಾನಿ ಒಟ್ಟೊ ವಾರ್‌ಬರ್ಗ್

ನಾವು ಉಸಿರಾಡುವ ಆಮ್ಲಜನಕ ನಮ್ಮನ್ನು ಬದುಕಿಸುತ್ತದೆ. ಕಬ್ಬಿಣಕ್ಕೆ ತುಕ್ಕು ಹಿಡಿಸುವುದೂ ಅದೇ. ದೇಹದ ಪ್ರತಿಯೊಂದು ಜೀವಕೋಶವೂ ಈ ಎರಡು ಗುಣಗಳ ನಡುವೆ ಬಾಳಬೇಕು. ಕ್ಯಾನ್ಸರ್‌ಗೂ ಜೀವಕೋಶದ ಉಸಿರಾಟಕ್ಕೂ ಇರುವ ನಂಟನ್ನು ಅಳತೆ ಮಾಡಿ ತೋರಿಸಿದವರು ಜರ್ಮನಿಯ ಒಟ್ಟೊ ವಾರ್‌ಬರ್ಗ್.

ಅವರು 1883ರ ಅಕ್ಟೋಬರ್ 8ರಂದು ಫ್ರೈಬರ್ಗ್ ನಗರದಲ್ಲಿ ಜನಿಸಿದರು. ತಂದೆ ಎಮಿಲ್ ವಾರ್‌ಬರ್ಗ್ ಹೆಸರಾಂತ ಭೌತವಿಜ್ಞಾನಿ. ಮಗ ಎಮಿಲ್ ಫಿಷರ್ ಅವರ ಬಳಿ ರಸಾಯನಶಾಸ್ತ್ರ ಕಲಿತು 1906ರಲ್ಲಿ ಡಾಕ್ಟರೇಟ್ ಪಡೆದರು. 1911ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ವೈದ್ಯ ಪದವಿಯನ್ನೂ ಗಳಿಸಿದರು. ಕ್ಯಾನ್ಸರ್‌ನ ಮೂಲವನ್ನು ಕಂಡುಹಿಡಿಯಬೇಕೆಂಬುದು ಅವರ ಜೀವನದ ಗುರಿಯಾಗಿತ್ತು.

ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿಯ ಮೊಟ್ಟೆ ಫಲಿತಗೊಂಡಾಗ ಸುಮಾರು ಆರು ಪಟ್ಟು ಹೆಚ್ಚು ಆಮ್ಲಜನಕ ಬಳಸುವುದನ್ನು ಅವರು 1908ರಲ್ಲಿ ಕಂಡರು. ವೇಗವಾಗಿ ಬೆಳೆಯುವ ಕ್ಯಾನ್ಸರ್ ಕೋಶವೂ ಹಾಗೆಯೇ ಇರಬೇಕೆಂದು ಭಾವಿಸಿದರು. 1920ರ ದಶಕದಲ್ಲಿ ಇಲಿಗಳ ಗಡ್ಡೆಯ ತೆಳುವಾದ ಹೋಳುಗಳನ್ನು ಪರೀಕ್ಷಿಸಿದಾಗ ಫಲಿತಾಂಶ ಬೇರೆಯೇ ಬಂತು. ಆಮ್ಲಜನಕ ಸಾಕಷ್ಟಿದ್ದರೂ ಆ ಕೋಶಗಳು ಸಕ್ಕರೆಯನ್ನು ಹುದುಗಿಸಿ, ಹಾಲು ಮೊಸರಾಗುವಾಗ ಹುಟ್ಟುವ ಲ್ಯಾಕ್ಟಿಕ್ ಆಮ್ಲವನ್ನೇ ಉತ್ಪಾದಿಸುತ್ತಿದ್ದವು. ಇಂದು ಪೆಟ್ ಸ್ಕ್ಯಾನ್ ಯಂತ್ರ ಗಡ್ಡೆಯನ್ನು ಗುರುತಿಸುವುದು ಈ ಸಕ್ಕರೆಯ ಹಸಿವಿನಿಂದಲೇ.

ಉಸಿರಾಟದ ಕಿಣ್ವದ ಸಂಶೋಧನೆಗಾಗಿ ಅವರಿಗೆ 1931ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ತಂದೆ ಯಹೂದಿ ಮೂಲದವರಾದ್ದರಿಂದ ನಾಜಿ ಆಡಳಿತದಲ್ಲಿ ಕಷ್ಟ ಎದುರಾಯಿತು. 1941ರಲ್ಲಿ ಸ್ಥಾನ ಕಳೆದುಕೊಂಡರೂ ಕ್ಯಾನ್ಸರ್ ಸಂಶೋಧನೆಯ ಕಾರಣಕ್ಕೆ ಮತ್ತೆ ಪಡೆದರು.

ಇಷ್ಟು ದೊಡ್ಡ ವಿಜ್ಞಾನಿ ಒಂದು ಕಡೆ ಎಡವಿದರು. ಕೋಶದ ಉಸಿರಾಟ ಕೆಡುವುದೇ ಕ್ಯಾನ್ಸರ್‌ನ ಮೂಲವೆಂದು 1966ರಲ್ಲಿಯೂ ಪಟ್ಟುಹಿಡಿದರು. ಬಹುಪಾಲು ಕ್ಯಾನ್ಸರ್ ಕೋಶಗಳಲ್ಲಿ ಉಸಿರಾಟ ನಡೆಯುತ್ತಲೇ ಇರುತ್ತದೆ, ಮೂಲ ಕಾರಣ ಜೀನ್‌ಗಳ ಬದಲಾವಣೆ ಎಂಬುದು ಆಮೇಲೆ ಸ್ಪಷ್ಟವಾಯಿತು. ಉಸಿರಾಟದ ವೇಳೆ ಕೋಶದ ಮೈಟೊಕಾಂಡ್ರಿಯದಿಂದ ಆಮ್ಲಜನಕದ ಉಗ್ರ ಕಣಗಳು ಸೋರುತ್ತವೆ. ಇವು ಮಿತಿಮೀರಿದ ಸ್ಥಿತಿಯೇ ಉತ್ಕರ್ಷಣ ಒತ್ತಡ. ಸ್ವಲ್ಪ ಹೆಚ್ಚಾದರೆ ಡಿಎನ್‌ಎ ಹಾಳಾಗಿ ಗಡ್ಡೆಯ ಬೆಳವಣಿಗೆಗೆ ಪ್ರಚೋದನೆ ಸಿಗುತ್ತದೆ. ವಿಪರೀತವಾದರೆ ಮೈಟೊಕಾಂಡ್ರಿಯ ಒಡೆದು ಕೋಶ ತಾನೇ ಸಾಯುತ್ತದೆ. ವಿಕಿರಣ ಚಿಕಿತ್ಸೆಯೂ ಬಹುಮಟ್ಟಿಗೆ ಇಂತಹ ಉಗ್ರ ಕಣಗಳ ಮೂಲಕ ಡಿಎನ್‌ಎಯನ್ನು ಹಾಳುಮಾಡಿ ಕ್ಯಾನ್ಸರ್ ಕೋಶವನ್ನು ಕೊಲ್ಲುತ್ತದೆ. ಸೋಜಿಗವೆಂದರೆ, ಈ ಒತ್ತಡದಿಂದ ಕೋಶವನ್ನು ಕಾಯುವ ಎನ್‌ಎಡಿಪಿ ಎಂಬ ಸಹಕಿಣ್ವವನ್ನು 1930ರ ದಶಕದಲ್ಲಿ ಗುರುತಿಸಿದವರೂ ವಾರ್‌ಬರ್ಗ್ ಮತ್ತು ಅವರ ಸಂಗಡಿಗರೇ. ಕ್ಯಾನ್ಸರ್ ಕೋಶವೂ ಅದನ್ನೇ ಗುರಾಣಿಯಾಗಿ ಬಳಸಿಕೊಳ್ಳುತ್ತದೆ.

ಆದ್ದರಿಂದ ಉತ್ಕರ್ಷಣ ತಡೆಯುವ ಮಾತ್ರೆ ನುಂಗಿದರೆ ಸಾಕೆಂದು ತಿಳಿಯುವುದು ತಪ್ಪು. ಫಿನ್‌ಲೆಂಡಿನಲ್ಲಿ 29,133 ಧೂಮಪಾನಿ ಪುರುಷರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 1994ರಲ್ಲಿ ಪ್ರಕಟವಾಯಿತು. ಬೀಟಾ ಕ್ಯಾರೊಟಿನ್ ಮಾತ್ರೆ ಸೇವಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿ ಕಂಡುಬಂತು.

ವಾರ್‌ಬರ್ಗ್ 1970ರ ಆಗಸ್ಟ್ 1ರಂದು ಬರ್ಲಿನ್‌ನಲ್ಲಿ ನಿಧನರಾದರು. ವಿದ್ಯಾರ್ಥಿ ಮಿತ್ರರೇ, ಅವರಿಂದ ಕಲಿಯಬೇಕಾದದ್ದು ಎರಡು. ತಾವು ನಂಬಿದ್ದಕ್ಕೆ ವಿರುದ್ಧವಾದ ಅಳತೆ ಬಂದಾಗ ನಡುವಯಸ್ಸಿನಲ್ಲಿ ಅವರು ಅಳತೆಯನ್ನೇ ಒಪ್ಪಿದರು, ವೃದ್ಧಾಪ್ಯದಲ್ಲಿ ಒಪ್ಪಲಿಲ್ಲ. ಮೊದಲನೆಯದನ್ನು ಅನುಸರಿಸೋಣ, ಎರಡನೆಯದರಿಂದ ಎಚ್ಚರ ಕಲಿಯೋಣ. ತಂಬಾಕು ಮತ್ತು ಗುಟ್ಕಾ ಬಾಯಿಯ ಕೋಶಗಳಿಗೆ ದಿನವೂ ಇದೇ ಒತ್ತಡ ಕೊಡುತ್ತವೆ. ಮೈಲೂರಿರಲಿ, ಭಾಲ್ಕಿ, ಔರಾದ್ ಇರಲಿ, ಮನೆಯಲ್ಲಿ ಯಾರಿಗಾದರೂ ಬಾಯಿಹುಣ್ಣು ಎರಡು ವಾರವಾದರೂ ಮಾಯದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಕಿದ್ವಾಯಿ ಸಂಸ್ಥೆಯ ಕೇಂದ್ರ ಕಲಬುರಗಿಯಲ್ಲಿಯೇ ಇದೆ.