ವೈನು ಬಾಪು

ಭಾರತದಲ್ಲಿ ಆಕಾಶವೀಕ್ಷಣೆಯ ಪರಂಪರೆ ಬಹು ಪ್ರಾಚೀನವಾದುದು. ಆದರೆ ದೇಶವು ಸ್ವತಂತ್ರವಾದಾಗ, ದೂರದ ನಕ್ಷತ್ರಗಳ ಮಂದ ಬೆಳಕನ್ನು ಅಳೆಯಬಲ್ಲ ದೊಡ್ಡ ದೂರದರ್ಶಕಗಳು ನಮ್ಮಲ್ಲಿ ವಿರಳವಾಗಿದ್ದವು. ಈ ಕೊರತೆಯನ್ನು ನೀಗಿಸಲು ತಮ್ಮ ಬಾಳನ್ನೇ ಮುಡಿಪಾಗಿಟ್ಟವರು ವೈನು ಬಾಪು.

ಬಾಪು ಅವರು 1927ರ ಆಗಸ್ಟ್ 10ರಂದು ಮದ್ರಾಸಿನಲ್ಲಿ ಜನಿಸಿದರು. ತಂದೆ ಹೈದರಾಬಾದಿನ ನಿಜಾಮಿಯಾ ವೇಧಶಾಲೆಯಲ್ಲಿ ಉದ್ಯೋಗದಲ್ಲಿದ್ದುದರಿಂದ ಬಾಲಕನಿಗೆ ಎಳವೆಯಲ್ಲಿಯೇ ನಕ್ಷತ್ರಗಳ ನಂಟು ಬೆಳೆಯಿತು. ಹೈದರಾಬಾದಿನಲ್ಲಿ ವ್ಯಾಸಂಗ ಮುಗಿಸಿ, 1949ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಅದೇ ವರ್ಷದ ಜುಲೈ 2ರಂದು ತೆಗೆದ ಛಾಯಾಚಿತ್ರದಲ್ಲಿ ಅವರು ಹೊಸದೊಂದು ಧೂಮಕೇತುವನ್ನು ಗುರುತಿಸಿದರು. ಅವರ ಮತ್ತು ಅವರೊಡನೆ ದುಡಿದ ಇಬ್ಬರು ಸಹೋದ್ಯೋಗಿಗಳ ಹೆಸರುಗಳನ್ನು ಕೂಡಿಸಿ ಅದನ್ನು ಬಾಪು-ಬಾಕ್-ನ್ಯೂಕರ್ಕ್ ಧೂಮಕೇತುವೆಂದು ಕರೆಯಲಾಯಿತು. ಮುಂದೆ ಓಲಿನ್ ವಿಲ್ಸನ್ ಅವರೊಡನೆ ನಡೆಸಿದ ಸಂಶೋಧನೆಯ ಫಲವು 1957ರಲ್ಲಿ ಪ್ರಕಟವಾಗಿ, ವಿಲ್ಸನ್-ಬಾಪು ಪರಿಣಾಮವೆಂದು ಪ್ರಸಿದ್ಧವಾಯಿತು.

ವಿದೇಶದಲ್ಲಿ ಉನ್ನತ ಅವಕಾಶಗಳಿದ್ದರೂ ಬಾಪು ತಾಯ್ನಾಡಿಗೆ ಮರಳಿದರು. ಉತ್ತರ ಪ್ರದೇಶದ ವೇಧಶಾಲೆಯನ್ನು ನೈನಿತಾಲಿನಲ್ಲಿ ನೆಲೆಗೊಳಿಸಿ, 1960ರಲ್ಲಿ ಕೊಡೈಕನಾಲ್ ವೇಧಶಾಲೆಯ ನಿರ್ದೇಶಕರಾದರು. ನಕ್ಷತ್ರ ವೀಕ್ಷಣೆಗೆ ತಕ್ಕ ಸ್ಥಳವನ್ನು ಅರಸಿ, ತಮಿಳುನಾಡಿನ ಜವಾದಿ ಬೆಟ್ಟಗಳ ಕಾವಲೂರನ್ನು ಆರಿಸಿಕೊಂಡರು. 1968ರಲ್ಲಿ ಅಲ್ಲಿ 38 ಸೆಂಟಿಮೀಟರ್ ದೂರದರ್ಶಕವೂ 1972ರಲ್ಲಿ ಒಂದು ಮೀಟರ್ ದೂರದರ್ಶಕವೂ ಸ್ಥಾಪಿತವಾದವು. 1971ರಲ್ಲಿ ಸ್ವಾಯತ್ತವಾದ ಭಾರತೀಯ ಖಭೌತವಿಜ್ಞಾನ ಸಂಸ್ಥೆಯ ಕೇಂದ್ರವನ್ನು ಬೆಂಗಳೂರಿನಲ್ಲಿ ನೆಲೆಗೊಳಿಸಿದರು.

ಈ ಸಿದ್ಧತೆಯ ಬೆಲೆ ಆಚ್ಛಾದನೆಗಳ ವೀಕ್ಷಣೆಯಲ್ಲಿ ತಿಳಿದುಬಂದಿತು. ಗ್ರಹವೊಂದು ಅಥವಾ ಕ್ಷುದ್ರಗ್ರಹವೊಂದು ನಕ್ಷತ್ರದ ಎದುರು ಹಾದುಹೋಗುವಾಗ ನಕ್ಷತ್ರವು ಸ್ವಲ್ಪ ಕಾಲ ಮರೆಯಾಗುತ್ತದೆ, ಇದೇ ಆಚ್ಛಾದನೆ. ಆಗ ಆ ಕಾಯದ ನೆರಳು ಭೂಮಿಯ ಮೇಲೆ ಅತಿವೇಗದಿಂದ ಸರಿಯುತ್ತದೆ. ಮೈಸೂರು ಜಿಲ್ಲೆಯ ನಕಾಶೆಯಿಂದ ಇದನ್ನು ತಿಳಿಯಬಹುದು. ಹುಣಸೂರಿನ ಪಶ್ಚಿಮಕ್ಕೆ ಪಿರಿಯಾಪಟ್ಟಣ, ಈಶಾನ್ಯಕ್ಕೆ ಕೃಷ್ಣರಾಜನಗರ, ದಕ್ಷಿಣಕ್ಕೆ ಹೆಗ್ಗಡದೇವನಕೋಟೆ ಇವೆ. 20 ಕಿಲೋಮೀಟರ್ ಅಗಲದ ನೆರಳೊಂದು ಹುಣಸೂರಿನ ನೇರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಸಾಗಿದರೆ, ಹುಣಸೂರು, ಪಿರಿಯಾಪಟ್ಟಣಗಳಲ್ಲಿ ನಕ್ಷತ್ರ ಮರೆಯಾಗುವುದು. ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಲ್ಲಿ ಅದು ಬೆಳಗುತ್ತಲೇ ಇರುವುದು. ಎಲ್ಲಿ ಎಷ್ಟು ಸೆಕೆಂಡು ಮರೆಯಾಯಿತು, ಎಲ್ಲಿ ಮರೆಯಾಗಲಿಲ್ಲ ಎಂಬುದನ್ನು ಜೋಡಿಸಿದರೆ, ದೂರದರ್ಶಕದಲ್ಲಿ ಬರಿಯ ಚುಕ್ಕೆಯಾಗಿ ಕಾಣುವ ಕಾಯದ ಗಾತ್ರವೂ ಆಕಾರವೂ ದೊರೆಯುತ್ತವೆ. ಆದುದರಿಂದ ವೀಕ್ಷಕರು ಭೂಮಿಯ ನಾನಾ ಕಡೆಗಳಲ್ಲಿ ಸಜ್ಜಾಗಿರಬೇಕು. ಆ ಗಳಿಗೆಯಲ್ಲಿ ಸಲಕರಣೆ ಇಲ್ಲದ ನಾಡಿಗೆ ಅವಕಾಶ ತಪ್ಪಿತೆಂದೇ ಅರ್ಥ.

1972ರ ಜೂನ್ 7ರಂದು ಗುರುಗ್ರಹದ ಉಪಗ್ರಹವಾದ ಗ್ಯಾನಿಮೀಡ್ ನಕ್ಷತ್ರವೊಂದನ್ನು ಮರೆಮಾಡಿದುದನ್ನು ಕಾವಲೂರಿನಿಂದಲೂ ಇಂಡೊನೇಷ್ಯದಿಂದಲೂ ವೀಕ್ಷಿಸಲಾಯಿತು. ಐದು ವರ್ಷಗಳ ತರುವಾಯ, 1977ರ ಮಾರ್ಚ್ 10ರಂದು, ಯುರೇನಸ್ ಗ್ರಹವು ಒಂದು ನಕ್ಷತ್ರದ ಸಮೀಪ ಹಾದುಹೋಗಲಿತ್ತು. ಬಾಪು ಅವರ ಸಹೋದ್ಯೋಗಿಗಳಾದ ಜೆ. ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ಒಂದು ಮೀಟರ್ ದೂರದರ್ಶಕದೊಡನೆ ಕಾದಿದ್ದರು. ನಿರೀಕ್ಷಿತ ಸಮಯಕ್ಕೆ ಮೊದಲೇ ನಕ್ಷತ್ರದ ಬೆಳಕು ಸುಮಾರು 9 ಸೆಕೆಂಡುಗಳ ಕಾಲ ಕುಗ್ಗಿ, ಮತ್ತೆ ಮೊದಲಿನಂತಾಯಿತು. ಅದು ಯುರೇನಸ್ಸಿನ ಹೊಸ ಉಪಗ್ರಹವಿರಬಹುದೆಂದು ಅವರು ಊಹಿಸಿದರು. ಹಿಂದೂ ಮಹಾಸಾಗರದ ಮೇಲೆ ವಿಮಾನದಿಂದ ವೀಕ್ಷಿಸಿದ ಅಮೆರಿಕದ ವಿಜ್ಞಾನಿಗಳಿಗೆ ಗ್ರಹದ ಎರಡು ಪಾರ್ಶ್ವಗಳಲ್ಲಿಯೂ ಇಂಥ ಕುಗ್ಗುವಿಕೆಗಳು ಕಂಡಿದ್ದವು. ಎಲ್ಲ ಕಡೆಯ ಅಳತೆಗಳನ್ನು ಹೋಲಿಸಿದಾಗ ನಿಜಾಂಶ ಹೊರಬಿದ್ದಿತು: ಯುರೇನಸ್ಸಿನ ಸುತ್ತ ಕಿರಿದಾದ ಉಂಗುರಗಳಿದ್ದವು! ಅದುವರೆಗೆ ಶನಿಗ್ರಹಕ್ಕೆ ಮಾತ್ರ ಉಂಗುರಗಳಿರುವುದು ತಿಳಿದಿತ್ತು. 1986ರಲ್ಲಿ ವಾಯೇಜರ್-2 ನೌಕೆ ಈ ಉಂಗುರಗಳನ್ನು ಸಮೀಪದಿಂದ ಚಿತ್ರಿಸಿತು. 2013ರಲ್ಲಿ ಚಾರಿಕ್ಲೋ ಎಂಬ ಚಿಕ್ಕ ಕಾಯಕ್ಕೂ ಉಂಗುರಗಳಿರುವುದು ಇದೇ ವಿಧಾನದಿಂದ ಗೊತ್ತಾಯಿತು.

1979ರಲ್ಲಿ ಬಾಪು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾದರು. ಇನ್ನೂ ದೊಡ್ಡದಾದ, 2.34 ಮೀಟರ್ ವ್ಯಾಸದ ದೂರದರ್ಶಕವನ್ನು ಭಾರತದಲ್ಲಿಯೇ ನಿರ್ಮಿಸಬೇಕೆಂಬುದು ಅವರ ಹಂಬಲವಾಗಿತ್ತು. ಅದು ಪೂರ್ಣಗೊಳ್ಳುವ ಮೊದಲೇ, 1982ರ ಆಗಸ್ಟ್ 19ರಂದು ಜರ್ಮನಿಯ ಮ್ಯೂನಿಕ್ ನಗರದಲ್ಲಿ ಅವರು ಕಾಲವಾದರು. ಆಗ ಅವರ ವಯಸ್ಸು 55. ಸಹೋದ್ಯೋಗಿಗಳು ಕಾರ್ಯವನ್ನು ಮುಂದುವರಿಸಿದರು. 1986ರಲ್ಲಿ ಆ ದೂರದರ್ಶಕಕ್ಕೂ ಕಾವಲೂರಿನ ವೇಧಶಾಲೆಗೂ ವೈನು ಬಾಪು ಅವರ ಹೆಸರನ್ನಿಡಲಾಯಿತು. ಕ್ಷುದ್ರಗ್ರಹವೊಂದೂ ಅವರ ಹೆಸರನ್ನು ಹೊತ್ತು ಸೂರ್ಯನನ್ನು ಸುತ್ತುತ್ತಿದೆ.