ರಬ್ಬರನ್ನು ಪಳಗಿಸಿದ ಚಾರ್ಲ್ಸ್ ಗುಡ್‌ಇಯರ್

ಬಳ್ಳಾರಿಯ ಬೇಸಗೆ ನಾಡಿಗೆಲ್ಲ ಪ್ರಸಿದ್ಧವಾದುದು. ಏಪ್ರಿಲ್, ಮೇ ತಿಂಗಳುಗಳಲ್ಲಿ ಅಲ್ಲಿಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸನ್ನು ದಾಟುತ್ತದೆ. ಕೋಟೆಯ ಗುಡ್ಡದ ಬಂಡೆಗಳು ಕಾದ ಹೆಂಚಿನಂತಾಗುತ್ತವೆ; ರಸ್ತೆಯ ಡಾಂಬರು ಮೆತ್ತಗಾಗುತ್ತದೆ. ಅಂತಹ ಬಿಸಿಲಿನಲ್ಲಿಯೂ ಸಿರುಗುಪ್ಪ, ಕುರುಗೋಡುಗಳ ಕಡೆಯಿಂದ ಭತ್ತದ ಚೀಲಗಳನ್ನು ಹೇರಿಕೊಂಡ ಲಾರಿಗಳೂ ಟ್ರ್ಯಾಕ್ಟರುಗಳೂ ನಗರದತ್ತ ಓಡುತ್ತಲೇ ಇರುತ್ತವೆ. ಅವುಗಳ ರಬ್ಬರ್ ಚಕ್ರಗಳು ಕರಗುವುದಿಲ್ಲ. ನೋಡುವವರಿಗೆ ಇದರಲ್ಲಿ ಅಚ್ಚರಿಯೇನೂ ಕಾಣದು. ಆದರೆ ಇನ್ನೂರು ವರ್ಷಗಳ ಹಿಂದಿನ ರಬ್ಬರು ಇಂತಹ ಒಂದು ಮಧ್ಯಾಹ್ನವನ್ನೂ ತಾಳುತ್ತಿರಲಿಲ್ಲ. ಅದಕ್ಕೆ ತಾಳಿಕೆಯನ್ನು ತಂದುಕೊಟ್ಟು, ಅದಕ್ಕಾಗಿ ತನ್ನ ಬಾಳನ್ನೇ ತೆತ್ತವನು ಚಾರ್ಲ್ಸ್ ಗುಡ್‌ಇಯರ್.

ಗುಡ್‌ಇಯರ್ 1800ನೆಯ ಇಸವಿ ಡಿಸೆಂಬರ್ 29ರಂದು ಅಮೆರಿಕದ ನ್ಯೂ ಹೇವನ್ ಎಂಬ ಊರಿನಲ್ಲಿ ಜನಿಸಿದನು. ತಂದೆ ಅಮಾಸಾ ಕಬ್ಬಿಣದ ಸಾಮಾನುಗಳ ತಯಾರಿಕೆಯಲ್ಲಿ ತೊಡಗಿದ್ದನು. ಚಾರ್ಲ್ಸ್ ತಾನೂ ಅದೇ ಕಸುಬನ್ನು ಹಿಡಿದನು. 1824ರಲ್ಲಿ ಕ್ಲಾರಿಸಾ ಎಂಬ ಕನ್ಯೆಯನ್ನು ಮದುವೆಯಾಗಿ, ಎರಡು ವರ್ಷಗಳ ತರುವಾಯ ಫಿಲಡೆಲ್ಫಿಯಾ ನಗರದಲ್ಲಿ ಅಂಗಡಿ ತೆರೆದನು. 1830ರ ಹೊತ್ತಿಗೆ ವ್ಯಾಪಾರ ಮುರಿದುಬಿದ್ದಿತು. ಸಾಲ ತೀರಿಸಲಾಗದವರನ್ನು ಸೆರೆಯಲ್ಲಿಡುವ ಕಾನೂನು ಆಗ ಅಲ್ಲಿ ಇದ್ದಿತು. ಅವನು ಹಲವು ಬಾರಿ ಸೆರೆಮನೆಯನ್ನು ಕಾಣಬೇಕಾಯಿತು.

ಆ ಕಾಲದಲ್ಲಿ ಅಮೆರಿಕದಲ್ಲಿ ರಬ್ಬರಿನ ಹುಚ್ಚು ಹಬ್ಬಿದ್ದಿತು. ದಕ್ಷಿಣ ಅಮೆರಿಕದ ಕಾಡುಮರಗಳಿಂದ ಸೋರುವ ಹಾಲನ್ನು ಹೆಪ್ಪುಗಟ್ಟಿಸಿ ತಂದ ರಬ್ಬರಿನಿಂದ ಪಾದರಕ್ಷೆ, ಮಳೆಯಂಗಿ ಮುಂತಾದವುಗಳನ್ನು ತಯಾರಿಸುತ್ತಿದ್ದರು. ನೀರು ಸೋಕದ ಈ ವಸ್ತುಗಳನ್ನು ಜನ ಆಸೆಪಟ್ಟು ಕೊಂಡರು. ಆದರೆ ಬೇಸಗೆ ಬಂದೊಡನೆ ಅವು ಕರಗಿ ಅಂಟಾಗಿ ದುರ್ವಾಸನೆ ಬೀರಿದವು. ಚಳಿಗಾಲದಲ್ಲಿ ಪೆಡಸಾಗಿ ಬಿರಿದವು. 1834ರಲ್ಲಿ ಗುಡ್‌ಇಯರ್ ನ್ಯೂಯಾರ್ಕಿನ ಒಂದು ರಬ್ಬರ್ ಅಂಗಡಿಗೆ ಹೋಗಿದ್ದಾಗ ಈ ಸಂಕಟದ ಕಥೆ ಅವನ ಕಿವಿಗೆ ಬಿದ್ದಿತು. ರಬ್ಬರಿನ ಈ ದೋಷವನ್ನು ನೀಗಿಸಬೇಕೆಂಬ ಛಲ ಅಂದೇ ಅವನಲ್ಲಿ ಮೂಡಿತು.

ಅವನು ರಸಾಯನಶಾಸ್ತ್ರವನ್ನು ಓದಿದವನಲ್ಲ. ಪ್ರಯೋಗಶಾಲೆಯೂ ಅವನಿಗೆ ಇರಲಿಲ್ಲ. ಸೆರೆಮನೆಯಲ್ಲಿಯೇ ಹೆಂಡತಿಯ ಲಟ್ಟಣಿಗೆಯನ್ನು ತರಿಸಿಕೊಂಡು ರಬ್ಬರನ್ನು ನಾದತೊಡಗಿದನು. ಸುಣ್ಣ, ಮೆಗ್ನೀಷಿಯಾ ಎಂದು ಕೈಗೆ ಸಿಕ್ಕಿದುದನ್ನೆಲ್ಲ ಬೆರೆಸಿ ನೋಡಿದನು. ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿದಾಗ ರಬ್ಬರಿನ ಮೈ ನಯವಾಯಿತು. ಗೆದ್ದೆನೆಂದು ಹಿಗ್ಗಿ, ಸರಕಾರದಿಂದ 150 ಅಂಚೆಚೀಲಗಳ ಬೇಡಿಕೆಯನ್ನು ಪಡೆದು ಸಿದ್ಧಪಡಿಸಿದನು. ಆದರೆ ಆಮ್ಲ ಮೇಲ್ಮೈಯನ್ನಷ್ಟೇ ಸೋಕಿದ್ದಿತು. ಬೇಸಗೆಯ ಶಾಖಕ್ಕೆ ಚೀಲಗಳ ಒಳಭಾಗ ಕರಗಿ ಅವು ಕೆಲಸಕ್ಕೆ ಬಾರದೆ ಹೋದವು. ಊರವರು ಅವನನ್ನು ಮರುಳನೆಂದು ನಕ್ಕರು. ಮನೆಯ ಸಾಮಾನುಗಳು ಒಂದೊಂದಾಗಿ ಮಾರಾಟವಾದವು. ಕೊನೆಗೆ ಮಕ್ಕಳ ಶಾಲಾಪುಸ್ತಕಗಳೂ ಹೋದವು. ಹಲವು ಮಕ್ಕಳು ಎಳವೆಯಲ್ಲಿಯೇ ತೀರಿಕೊಂಡರು. ಈ ಬಡತನವನ್ನು ಕ್ಲಾರಿಸಾಳೂ ಅವನಷ್ಟೇ ಅನುಭವಿಸಿದಳು.

ನಥಾನಿಯೆಲ್ ಹೇವರ್ಡ್ ಎಂಬಾತನು ರಬ್ಬರಿಗೆ ಗಂಧಕವನ್ನು ಬಳಸುವ ಕ್ರಮವೊಂದನ್ನು ಕಂಡುಕೊಂಡಿದ್ದನು. ಗುಡ್‌ಇಯರ್ ಅದರ ಹಕ್ಕನ್ನು ಕೊಂಡನು. 1839ರಲ್ಲಿ ಒಂದು ದಿನ, ಗಂಧಕ ಬೆರೆತ ರಬ್ಬರಿನ ತುಂಡೊಂದು ಅಕಸ್ಮಾತ್ತಾಗಿ ಕಾದ ಒಲೆಗೆ ತಗುಲಿತು. ಕರಗಬೇಕಾಗಿದ್ದ ರಬ್ಬರು ಕರಗಲಿಲ್ಲ; ತೊಗಲಿನಂತೆ ಕರಿಕಾಯಿತು. ಕರಿಕಾದ ಭಾಗದ ಅಂಚಿನಲ್ಲಿ ಮಾತ್ರ, ಬಿಸಿಗೂ ಚಳಿಗೂ ಜಗ್ಗದ ಹೊಸ ಬಗೆಯ ರಬ್ಬರು ಮೂಡಿದ್ದಿತು. ಘಟನೆ ಆಕಸ್ಮಿಕವಾದರೂ ಅದರ ಅರ್ಥವನ್ನು ಗ್ರಹಿಸಲು ಐದು ವರ್ಷಗಳ ಪರಿಶ್ರಮ ಅವನನ್ನು ಸಿದ್ಧಗೊಳಿಸಿದ್ದಿತು. ಎಷ್ಟು ಶಾಖ, ಎಷ್ಟು ಹೊತ್ತು ಎಂಬುದನ್ನು ಗೊತ್ತುಮಾಡಲು ಮತ್ತೆ ವರ್ಷಗಳೇ ಕಳೆದವು. ಒತ್ತಡಕ್ಕೊಳಪಡಿಸಿದ ಉಗಿಯಲ್ಲಿ, ಸುಮಾರು 130 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ನಾಲ್ಕರಿಂದ ಆರು ಗಂಟೆಗಳ ಕಾಲ ಬೇಯಿಸಿದರೆ ಫಲ ಉತ್ತಮವೆಂದು ಅವನು ಕಂಡುಕೊಂಡನು. 1844ರ ಜೂನ್ 15ರಂದು ಅವನಿಗೆ ಅಮೆರಿಕದ ಪೇಟೆಂಟ್ ದೊರೆಯಿತು. ರೋಮನ್ನರ ಅಗ್ನಿದೇವನಾದ ವಲ್ಕನ್ನನ ಹೆಸರಿನಿಂದ ಈ ಕ್ರಿಯೆಯನ್ನು ವಲ್ಕನೀಕರಣವೆಂದು ಕರೆದರು.

ಕೀರ್ತಿ ಬಂದರೂ ಸಂಪತ್ತು ಬರಲಿಲ್ಲ. ಇಂಗ್ಲೆಂಡಿನಲ್ಲಿ ಥಾಮಸ್ ಹ್ಯಾಂಕಾಕ್ ಮೊದಲೇ ಅರ್ಜಿ ಸಲ್ಲಿಸಿ ಅಲ್ಲಿಯ ಹಕ್ಕನ್ನು ಪಡೆದನು. 1852ರಲ್ಲಿ ಅಮೆರಿಕದ ನ್ಯಾಯಾಲಯವು ಗುಡ್‌ಇಯರನ ಹಕ್ಕನ್ನು ಎತ್ತಿಹಿಡಿದರೂ ವ್ಯಾಜ್ಯಗಳ ಖರ್ಚು ಅವನನ್ನು ಹಣ್ಣುಮಾಡಿದ್ದಿತು. 1855ರ ಪ್ಯಾರಿಸ್ ಪ್ರದರ್ಶನದಲ್ಲಿ ಫ್ರಾನ್ಸಿನ ಗೌರವ ಪದಕ ಅವನಿಗೆ ಸಂದಾಗ ಅವನು ಸಾಲಕ್ಕಾಗಿ ಅಲ್ಲಿಯ ಸೆರೆಮನೆಯಲ್ಲಿದ್ದನು. 1860ರಲ್ಲಿ ಮರಣಶಯ್ಯೆಯಲ್ಲಿದ್ದ ಮಗಳನ್ನು ನೋಡಲು ಹೊರಟು ನ್ಯೂಯಾರ್ಕನ್ನು ತಲುಪಿದಾಗ ಅವಳು ಆಗಲೇ ಗತಿಸಿದ್ದಳು. ಜುಲೈ 1ರಂದು ಗುಡ್‌ಇಯರನೂ ಕಣ್ಮುಚ್ಚಿದನು. ಅವನು ಬಿಟ್ಟುಹೋದುದು ಸುಮಾರು ಎರಡು ಲಕ್ಷ ಡಾಲರುಗಳ ಸಾಲವನ್ನು.

ಗಂಧಕವು ರಬ್ಬರನ್ನು ಏಕೆ ಗಟ್ಟಿಗೊಳಿಸುತ್ತದೆ ಎಂಬುದನ್ನು ಅವನು ಕೊನೆಯವರೆಗೂ ಅರಿಯಲಿಲ್ಲ. ಆ ಗುಟ್ಟಿನ ಬಾಗಿಲು ತೆರೆದುದು ಅವನು ತೀರಿಕೊಂಡ ವರ್ಷದಲ್ಲಿಯೇ. 1860ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಗ್ರೆವಿಲ್ ವಿಲಿಯಮ್ಸ್ ರಬ್ಬರನ್ನು ಕಾಯಿಸಿ ಬಟ್ಟಿಯಿಳಿಸಿ ಬಣ್ಣವಿಲ್ಲದ ದ್ರವವೊಂದನ್ನು ಪಡೆದು ಅದಕ್ಕೆ ಐಸೊಪ್ರೀನ್ ಎಂದು ಹೆಸರಿಟ್ಟನು. ಇದೊಂದು ಹೈಡ್ರೋಕಾರ್ಬನ್. ಇದರ ಅಣುವಿನಲ್ಲಿ ಇಂಗಾಲದ 5, ಜಲಜನಕದ 8 ಪರಮಾಣುಗಳಿವೆ. ಇದು 34 ಡಿಗ್ರಿ ಸೆಲ್ಸಿಯಸಿನಲ್ಲಿಯೇ ಕುದಿಯುತ್ತದೆ. ಬಳ್ಳಾರಿಯ ಬಿಸಿಲಿನಲ್ಲಿ ತೆರೆದ ಪಾತ್ರೆಯಲ್ಲಿಟ್ಟರೆ ಬೆಂಕಿಯಿಲ್ಲದೆ ಕುದಿದು ಆವಿಯಾಗಿ ಹೋದೀತು.

ಇಷ್ಟು ಚಂಚಲವಾದ ಐಸೊಪ್ರೀನೇ ರಬ್ಬರಿನ ಮೂಲ ಘಟಕ. ಮೊಗ್ಗುಗಳು ಪೋಣಿಸಿಕೊಂಡು ಮಾಲೆಯಾಗುವಂತೆ ಸಾವಿರಾರು ಐಸೊಪ್ರೀನ್ ಘಟಕಗಳು ಒಂದಕ್ಕೊಂದು ಜೋಡಿಸಿಕೊಂಡು ರಬ್ಬರಿನ ನೀಳವಾದ ಅಣುವಾಗಿದೆ. ಐಸೊಪ್ರೀನಿನಲ್ಲಿ ಎರಡು ದ್ವಿಬಂಧಗಳಿವೆ. ಸರಪಣಿಯಾಗಿ ಸೇರಿದ ಮೇಲೆ ಪ್ರತಿಯೊಂದು ಘಟಕದಲ್ಲಿಯೂ ಒಂದು ದ್ವಿಬಂಧ ಉಳಿಯುತ್ತದೆ. ಹಸಿ ರಬ್ಬರಿನಲ್ಲಿ ಈ ಸರಪಣಿಗಳು ಬಿಡಿಬಿಡಿಯಾಗಿರುವುದರಿಂದ ಬಿಸಿಯಾದಾಗ ಒಂದರ ಮೇಲೊಂದು ಜಾರಿ ರಬ್ಬರು ಅಂಟಾಗುತ್ತದೆ. ಗಂಧಕದೊಡನೆ ಕಾಯಿಸಿದಾಗ, ಉಳಿದಿರುವ ದ್ವಿಬಂಧಗಳ ಆಸುಪಾಸಿನಲ್ಲಿ ಗಂಧಕದ ಪರಮಾಣುಗಳು ಸೇರಿ ಸರಪಣಿಯಿಂದ ಸರಪಣಿಗೆ ಸೇತುವೆಗಳನ್ನು ಕಟ್ಟುತ್ತವೆ. ಬಿಡಿ ಎಳೆಗಳು ಗಂಟುಹಾಕಿದ ಬಲೆಯಾಗುತ್ತವೆ. ಬಲೆಯನ್ನು ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಮೊದಲಿನಂತಾಗುತ್ತದೆ. ಬಿಸಿಲಿಗೆ ಕರಗಿ ಹರಿಯುವುದಿಲ್ಲ.

ಗಾಳಿ ತುಂಬಿದ ಟಯರನ್ನು ಡನ್‌ಲಪ್ ರೂಪಿಸಿದುದು 1888ರಲ್ಲಿ. ಗುಡ್‌ಇಯರನಿಗೆ ಅದನ್ನು ನೋಡುವ ಭಾಗ್ಯವಿರಲಿಲ್ಲ. 1898ರಲ್ಲಿ ಅವನ ಹೆಸರಿನಲ್ಲಿ ಸ್ಥಾಪಿತವಾದ ಟಯರ್ ಸಂಸ್ಥೆಗೂ ಅವನ ಮನೆತನಕ್ಕೂ ಸಂಬಂಧವಿಲ್ಲ. ಬಳ್ಳಾರಿಯ ಎರೆಭೂಮಿಯಲ್ಲಿ ರಬ್ಬರಿನ ಮರ ಬೆಳೆಯುವುದಿಲ್ಲ. ಆದರೂ ಸಿರುಗುಪ್ಪದ ಭತ್ತ ಬಿಸಿಲಿನಲ್ಲಿ ಮಾರುಕಟ್ಟೆಯನ್ನು ಸೇರುವುದು ಅದೇ ರಬ್ಬರಿನ ಮೇಲೆ. ದೂರದ ದೇಶದ ಬಡವನೊಬ್ಬನು ಸೋಲುಗಳ ನಡುವೆಯೂ ಕೈಬಿಡದೆ ನಡೆಸಿದ ಸಾಧನೆಯ ಫಲ ಹೀಗೆ ಅವನ ಹೆಸರನ್ನೂ ಕೇಳದ ರೈತನ ಮನೆಯವರೆಗೆ ಬಂದು ತಲುಪಿದೆ.